ಮಾವನ ಗಾಡಿಗೆ ಗಾಳಿ ಮೆಟ್ಟಿಕೊಂಡದ್ದು

ಅರಸೀಕೆರೆ ತಾಲ್ಲೂಕಿನಲ್ಲಿ ನಮ್ಮ ಸೋದರಮಾವನಷ್ಟು ಬುದ್ಧಿವಂತರು ಇನ್ನೊಬ್ಬರಿಲ್ಲ. ಇದು ನನ್ನ ಅಭಿಪ್ರಾಯವಲ್ಲ, ಅವರದೇ! ಅದರಲ್ಲೂ ಕರೆಂಟಿನ ವಿಷಯ ಬಂದರೆ ಮುಗಿಯಿತು. ವಿದ್ಯುತ್ ಇಲಾಖೆಯಲ್ಲಿ ನಿವೃತ್ತಿಯವರೆಗೂ ದುಡಿದವರು. ಕಂಬ ಹತ್ತಿದವರಲ್ಲ, ತಂತಿ ಮುಟ್ಟಿದವರಲ್ಲ, ಬಿಲ್ಲು ಬರೆಯುವ ವಿಭಾಗದಲ್ಲಿದ್ದವರು. ಆದರೂ ಯಾರ ಮನೆಯಲ್ಲಿ ಫ್ಯಾನು ನಿಂತರೂ ಕರೆಯದೆಯೇ ಹೋಗಿ, ಸ್ವಿಚ್ಚನ್ನು ದಿಟ್ಟಿಸಿ ನೋಡಿ, "ಕರೆಂಟು ಬೇಜಾರ್ ಮಾಡ್ಕಂಡೈತೆ" ಎಂದು ತೀರ್ಪು ಕೊಟ್ಟು, ಕಾಫಿ ಕುಡಿದು ಬರುತ್ತಿದ್ದರು.

ಇಂಥ ಮಾವ ನಿವೃತ್ತರಾದ ಮೇಲೆ ಬಿಕ್ಕೋಡಿನ ಕಡೆಯ ಕಾಫಿ ತೋಟದವರೊಬ್ಬರಿಂದ ಹಳೆಯ ದೊಡ್ಡ ಗಾಡಿಯೊಂದನ್ನು ಕೊಂಡು ತಂದರು. ಎಸ್‌ಯುವಿ ಎಂಬ ಹೆಸರು ಆಗಿನ್ನೂ ನಮ್ಮ ಬೀದಿಗೆ ಬಂದಿರಲಿಲ್ಲ. ಅದನ್ನು ಮನೆ ಮುಂದೆ ನಿಲ್ಲಿಸಿದಾಗ ಎದುರುಮನೆಯವರು, "ನಮ್ಮನೆಗೆ ಬೆಳಕು ಎಲ್ಲಿಂದ ಬರ್ಬೇಕು ಸ್ವಾಮಿ?" ಎಂದು ಜಗಳಕ್ಕೇ ಬಂದರು. ಇಬ್ಬರೇ ಇರುವ ಮನೆಗೆ ಇಷ್ಟು ದೊಡ್ಡದು ಯಾಕೆ ಎಂದು ಕೇಳಿದರೆ ಮಾವನದು ಒಂದೇ ಉತ್ತರ.

"ನಿಮ್ಮತ್ತೆ ಮುಂದ್ಗಡೆ ಸೀಟಲ್ಲಿ ಕೂತ್ಕಂಡು ಊರೂರು ನೋಡ್ಬೇಕು ಕಣೋ. ಮದ್ವೆ ಆದಾಗಿಂದ ಬಸ್ಸಲ್ಲಿ ನಿಂತ್ಕಂಡೇ ಓಡಾಡವ್ಳೆ."

ಅತ್ತೆ ಕೂತರು, ಒಂದಷ್ಟು ಊರು ನೋಡಿದರು. ಆಮೇಲೆ ಗಾಡಿಗೆ ಗಾಳಿ ಮೆಟ್ಟಿಕೊಂಡಿತು! ಬಲಕ್ಕೆ ತಿರುಗುವ ದೀಪ ಹಾಕಿದರೆ ವೈಪರ್ ಆಡುತ್ತಿತ್ತು. ವೈಪರ್ ನಿಲ್ಲಿಸಿದರೆ ಕಿಟಕಿಯ ಗಾಜು ಮೇಲೇರುತ್ತಿತ್ತು. ಉರಿಬಿಸಿಲಲ್ಲಿ, ಒಂದು ಹನಿ ಮಳೆಯಿಲ್ಲದ ಬಾಣಾವರದ ರಸ್ತೆಯಲ್ಲಿ, ಗಾಜು ಒರೆಸಿಕೊಳ್ಳುತ್ತ ಹೋಗುವ ನಮ್ಮನ್ನು ಕಂಡು ಜನ ಆಕಾಶ ನೋಡುತ್ತಿದ್ದರು.

ಒಮ್ಮೆ ಹಾರನಹಳ್ಳಿಯ ಹತ್ತಿರ ನಮ್ಮ ಮುಂದೆ ಒಂದು ಚಟ್ಟ ಹೋಗುತ್ತಿತ್ತು. ಮಾವ ಮರ್ಯಾದೆಯಿಂದ ಬ್ರೇಕ್ ಒತ್ತಿದ್ದೇ ತಡ, ಹಾರ್ನ್ ಶುರುವಾಯಿತು! ಏನು ಮಾಡಿದರೂ ನಿಲ್ಲಲೊಲ್ಲದು. ತಮಟೆಯವರು ಬಡಿಯುವುದನ್ನು ಬಿಟ್ಟು ಬಾಯಿ ಬಿಟ್ಟುಕೊಂಡು ನಿಂತರು. ಹೊತ್ತವರು ಗಾಬರಿಯಾಗಿ ಚಟ್ಟ ಸಮೇತ ಬದಿಗೆ ಸರಿದರು. ಸತ್ತವರು ದಾರಿ ಬಿಟ್ಟದ್ದನ್ನು ನೀವೆಲ್ಲಾದರೂ ಕಂಡಿದ್ದೀರಾ? ನಾನು ಕಂಡೆ!

"ಏನ್ ಯಜಮಾನ್ರೆ, ಇವ್ರಿಗಿಂತ ಮುಂಚೆ ಹೋಗ್ಬೇಕು ಅಂತ ಅಷ್ಟು ಅರ್ಜೆಂಟಾ?" ಎಂದರೊಬ್ಬರು.

ಮಾವ ಕೈ ಮುಗಿದು ಇಳಿದರು. ತಪ್ಪಿಗೆ ಪ್ರಾಯಶ್ಚಿತ್ತವೆಂದು ಗುರುತು ಪರಿಚಯವಿಲ್ಲದ ಆ ಹೆಣಕ್ಕೆ ಹೆಗಲು ಕೊಟ್ಟು ಸ್ಮಶಾನದವರೆಗೂ ನಡೆದೇಬಿಟ್ಟರು. ಅರಚುವ ಗಾಡಿಯೊಳಗೆ ಕಿವಿ ಮುಚ್ಚಿಕೊಂಡು ಉಳಿದವರು ನಾನು ಮತ್ತು ಅತ್ತೆ. ಅವರು ವಾಪಸು ಬರುವ ಹೊತ್ತಿಗೆ ಬ್ಯಾಟರಿ ಸೋತು ಹಾರ್ನೂ ಪ್ರಾಣ ಬಿಟ್ಟಿತ್ತು. ಅತ್ತೆ ಮೂಗಿನ ಮೇಲೆ ಸೆರಗು ಇಟ್ಟುಕೊಂಡು, "ಸ್ನಾನ ಮಾಡ್ದೆ ಗಾಡಿ ಹತ್ತಂಗಿಲ್ಲ ನೀವು" ಎಂದರು. ಕೆರೆ ಹುಡುಕಿಕೊಂಡು ಹೋದರು ಮಾವ!

ಇಷ್ಟಕ್ಕೆ ನಿಂತಿದ್ದರೆ ನಗಬಹುದಿತ್ತು. ಹಳೇಬೀಡಿನಲ್ಲಿ ಆದದ್ದನ್ನು ನೆನೆದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ.

ದೇವಸ್ಥಾನದ ಎದುರು ಗಾಡಿ ನಿಲ್ಲಿಸಿ, ಅತ್ತೆಯನ್ನು ಒಳಗೇ ಬಿಟ್ಟು, ಕೀಲಿಯನ್ನೂ ಅಲ್ಲೇ ಬಿಟ್ಟು, ಸೌತೆಕಾಯಿ ತರಲು ನಾವಿಬ್ಬರೂ ಇಳಿದೆವು. ಉಪ್ಪು ಖಾರ ಹಚ್ಚಿಸಿಕೊಂಡು ತಿರುಗಿ ನೋಡಿದರೆ ಗಾಜುಗಳೆಲ್ಲ ತಾವಾಗಿಯೇ ಮೇಲೇರುತ್ತಿವೆ! ಟಕ್ಕೆಂದು ಎಲ್ಲ ಬಾಗಿಲುಗಳಿಗೂ ಬೀಗ! ನೆತ್ತಿಯ ಮೇಲೆ ಸೂರ್ಯ. ವೈಪರ್ ಆಡುತ್ತಿದೆ, ದೀಪ ಮಿಣುಕುತ್ತಿದೆ, ಒಳಗೆ ಅತ್ತೆ ಬೀಗದ ಗುಂಡಿ ಎತ್ತಿದಷ್ಟೂ ಅದು ತಾನಾಗಿ ಬೀಳುತ್ತಿದೆ, ಅವರು ಗಾಜು ಬಡಿಯುತ್ತಿದ್ದಾರೆ. ಪ್ರವಾಸಕ್ಕೆ ಬಂದವರು ಶಿಲ್ಪ ಬಿಟ್ಟು ನಮ್ಮತ್ತೆಯ ಫೋಟೋ ತೆಗೆಯತೊಡಗಿದರು.

"ಹೆದರ್ಕಬ್ಯಾಡ್ವೇ! ಕರೆಂಟು ಬೇಜಾರ್ ಮಾಡ್ಕಂಡೈತೆ ಅಷ್ಟೇ!" ಎಂದು ಮಾವ ಗಾಜಿಗೆ ಬಾಯಿ ಹಚ್ಚಿ ಕೂಗುತ್ತಿದ್ದರು. ಕೂಗುತ್ತಲೇ ಒಂದೊಂದು ಬಾಗಿಲನ್ನೂ ಎಳೆದು ನೋಡುತ್ತಿದ್ದರು. ಅತ್ತೆಯ ಮುಖ ಕೆಂಪಾಗಿ, ಬೆವರು ಧಾರಾಕಾರ ಇಳಿಯತೊಡಗಿತ್ತು. ನಾನು ಗಾಜು ಒಡೆಯಲು ಕಲ್ಲೆತ್ತಿಕೊಂಡೆ. ಆಗ, ಯಾವ ಪುಣ್ಯವೋ, ಬೀಗ ಬಿದ್ದಂತೆಯೇ ತಾನಾಗಿ ತೆರೆದುಕೊಂಡಿತು!

ಅತ್ತೆ ಇಳಿದರು. ಬೈಯಲಿಲ್ಲ, ಅಳಲಿಲ್ಲ. ಸೀರೆ ಸರಿಮಾಡಿಕೊಂಡು, "ಇನ್ನು ಈ ಗಾಡಿ ಹತ್ತಿದ್ರೆ ನನ್ನ ಹೆಸರು ಹಿಡಿದು ಕೂಗಬ್ಯಾಡಿ" ಎಂದು ಹೇಳಿ, ನೇರವಾಗಿ ನಡೆದು ಜಾವಗಲ್ಲಿನ ಕಡೆಯ ಬಸ್ಸು ಹತ್ತಿಬಿಟ್ಟರು. ಮಾವ ಅರಸೀಕೆರೆಯವರೆಗೂ ಅವರು ಕೂತ ಬಸ್ಸಿನ ಬೆನ್ನು ಬಿಡದೆ ಗಾಡಿ ಓಡಿಸಿದರು. ದಾರಿಯುದ್ದಕ್ಕೂ ಹಾರ್ನ್! ಡ್ರೈವರು ಪಾಪ, ಸೈಡ್ ಕೊಟ್ಟು ಕೊಟ್ಟು ಸುಸ್ತಾದ. ಇವರು ಮುಂದೆ ಹೋದರಲ್ಲವೇ?

ಅಂದಿನಿಂದ ಅತ್ತೆಗೆ ಬಸ್ಸು, ಮಾವನಿಗೆ ಖಾಲಿ ಸೀಟು. ಎಲ್ಲರೂ ಮಾರಿಬಿಡಿ ಎಂದರು. ಮಾವ ಒಪ್ಪಲಿಲ್ಲ. "ಗಾಡಿ ಮಾರಿದ್ರೆ ಅವಳು ಹೆದರ್ಕಂಡಿದ್ದು ಹಂಗೇ ಉಳ್ಕತ್ತದೆ. ಸರಿಮಾಡ್ಸಿ ಕೂರುಸ್ಬೇಕು" ಎಂದು ಹಟ ಹಿಡಿದರು. ಕೊನೆಗೆ, ಕರೆಂಟು ಬಲ್ಲ ಆ ಮಹಾನುಭಾವರು ಸೋಲೊಪ್ಪಿಕೊಂಡು ಗಾಡಿಯನ್ನು ನಮ್ಮೂರಿನ ಗಾಡಿ ಎಲೆಕ್ಟ್ರಿಷಿಯನ್ನನ ಶೆಡ್ಡಿಗೆ ಒಯ್ದರು.

ಆತ ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿ, ಟಿಫಿನ್ ಡಬ್ಬಿಯಷ್ಟಗಲದ ಒಂದು ಪೆಟ್ಟಿಗೆ ಬಿಚ್ಚಿ ತೆಗೆದ. ಬಾಡಿ ಕಂಟ್ರೋಲ್ ಮಾಡ್ಯೂಲ್ ಅಂತೆ. ದೀಪ, ಹಾರ್ನು, ವೈಪರು, ಬೀಗ, ಎಲ್ಲಕ್ಕೂ ಅದರದೇ ಯಜಮಾನಿಕೆ. ಮುಚ್ಚಳ ತೆರೆದವನೇ "ಅಯ್ಯಪ್ಪಾ!" ಎಂದು ಕೈ ಕೊಡವಿದ. ಒಳಗೆ ಇರುವೆಗಳ ಸಂತೆ! ಹಸಿರು ಕಿಲುಬು, ಮೇಲೆ ಜಿಗಟು.

"ಯಜಮಾನ್ರೆ, ಇದ್ರ ಮೇಲೆ ಏನ್ ಸುರ್ದಿದೀರಾ?"

"ಏನೂ ಇಲ್ವಲ್ಲಪ್ಪ. ತೀರ್ಥ ಅಷ್ಟೆ."

"ತೀರ್ಥಾನಾ?"

"ಅಮಾಸೆ ಅಮಾಸೆಗೆ ಕಾಯಿ ಒಡೀತೀನಲ್ಲ. ಎಲ್ಲಾರೂ ಚಕ್ರದ ಮುಂದೆ ಒಡ್ದು ನೀರು ನೆಲಕ್ಕೆ ಬಿಡ್ತಾರೆ. ದೇವ್ರಿಗಾದ್ರೆ ನೆತ್ತಿಗೆ ಅಭಿಷೇಕ, ಗಾಡಿಗ್ಯಾಕೆ ಕಾಲಿಗೆ? ನಾನು ಇಲ್ಲಿಗೇ ಹಾಕ್ತೀನಿ" ಎಂದು ಡ್ಯಾಶ್‌ಬೋರ್ಡನ್ನು ಭಕ್ತಿಯಿಂದ ಸವರಿದರು!

ನನಗೆ ನಿಂತಲ್ಲೇ ತಲೆ ತಿರುಗಿತು. ಅರಸೀಕೆರೆಯಲ್ಲಿ ಕಾಯಿಗೆ ಬರವೇ? ಒಂದು ಅಮಾವಾಸ್ಯೆಯನ್ನೂ ಬಿಡದೆ ಗಾಡಿಯ ಮಿದುಳಿಗೆ ಕಾಯಿನೀರು ಕುಡಿಸಿದ್ದಾರೆ! ನಾನು ನಗಬೇಕೆನ್ನುವಷ್ಟರಲ್ಲಿ ಮಾವನ ಮುಖ ನೋಡಿದೆ. ಬಣ್ಣವೇ ಇಳಿದುಹೋಗಿತ್ತು.

"ಹಂಗಾದ್ರೆ ಅವತ್ತು ಅವಳನ್ನ ಒಳಗಿಟ್ಟು ಬೀಗ ಹಾಕ್ದೋನು ನಾನೇ ಅನ್ನು" ಎಂದರು, ಬಹಳ ಮೆಲ್ಲಗೆ.

ಗುಜರಿಗೆ ಹೋದ ಇನ್ನೊಂದು ಗಾಡಿಯ ಪೆಟ್ಟಿಗೆ ತಂದು ಎಲೆಕ್ಟ್ರಿಷಿಯನ್ ಮೊದಲು ಹಾಕಿ ನೋಡಿದ. ಅದಕ್ಕೆ ನಮ್ಮ ಕೀಲಿಯ ಗುರುತು ಹತ್ತಲಿಲ್ಲ. ಮಾವ ಕೀಲಿ ತಿರುಗಿಸಿದರೆ ಕಳ್ಳ ಬಂದನೆಂದು ಊರೆಲ್ಲ ಕೇಳುವಂತೆ ಬೊಬ್ಬೆ ಹೊಡೆಯಿತು. ಸ್ವಂತ ಗಾಡಿಯ ಬಾಯಲ್ಲೇ ಕಳ್ಳನೆನಿಸಿಕೊಂಡರು! ಕೊನೆಗೆ ಬೆಂಗಳೂರಿನಿಂದ ಹೊಸ ಪೆಟ್ಟಿಗೆ ಬಂತು, ಹಾಸನದಿಂದ ಲ್ಯಾಪ್‌ಟಾಪ್ ಹಿಡಿದವರೊಬ್ಬರು ಬಂದು ಅದಕ್ಕೂ ಕೀಲಿಗೂ ಪರಿಚಯ ಮಾಡಿಸಿದರು. ಮಾವ ಕೈಚೀಲದಿಂದ ಮೆಲ್ಲಗೆ ಕಾಯಿ ತೆಗೆದದ್ದನ್ನು ಕಂಡು ಎಲೆಕ್ಟ್ರಿಷಿಯನ್ ಹೌಹಾರಿ, "ರಸ್ತೆ ಆಚೆ ಹೋಗಿ ಒಡೀರಿ ಸಾರ್, ನಿಮ್ಮ ದಮ್ಮಯ್ಯ!" ಎಂದ. ಒಡೆದು ಬಂದ ಮಾವ ಅವನನ್ನು ಪಕ್ಕಕ್ಕೆ ಕರೆದು ಏನೋ ಪಿಸುಗುಟ್ಟಿದರು. ಆತ ಒಂದು ಗಳಿಗೆ ಅವರ ಮುಖವನ್ನೇ ನೋಡಿ, ಮತ್ತೆ ಗಾಡಿಯೊಳಗೆ ತೂರಿಕೊಂಡ.

ಅತ್ತೆಯನ್ನು ಒಪ್ಪಿಸಲು ನೆಂಟರಿಷ್ಟರೆಲ್ಲ ಬೇಕಾಯಿತು. ಕಡೆಗೆ ಬೇಲೂರಿಗೆ ಹೋಗಿಬರೋಣವೆಂದು ಹೊರಟೆವು. ಅತ್ತೆ ಸೀಟಿನ ತುದಿಯಲ್ಲಿ ಕೂತು, ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದರು. ಗಾಡಿ ಊರು ದಾಟಿ ವೇಗ ಹಿಡಿಯಿತು. ಓಡುವಾಗ ತಾವಾಗಿ ಬೀಳಬೇಕಾದ ಬೀಗಗಳು ಟಕ್ಕೆಂದು ಬಿದ್ದವು. ಅತ್ತೆ ಬೆಚ್ಚಿಬಿದ್ದರು. ಹಿಂದೆ ಕೂತಿದ್ದ ನಾನು ಬಗ್ಗಿ ನೋಡಿದೆ. ಮೂರು ಬಾಗಿಲಿಗೆ ಬೀಗ ಬಿದ್ದಿದೆ, ಅತ್ತೆಯ ಬಾಗಿಲಿಗೆ ಇಲ್ಲ!

"ಮಾವ! ನಿಲ್ಲಿಸಿ! ಮತ್ತೆ ಕೆಟ್ಟಿತು!" ಎಂದು ಕಿರುಚಿದೆ.

ಮಾವ ಗಾಡಿಯನ್ನು ಬದಿಗೆ ನಿಲ್ಲಿಸಿದರು. ಆದರೆ ತಿರುಗಿ ನೋಡಲಿಲ್ಲ.

"ಕೆಟ್ಟಿಲ್ಲ ಕಣೋ. ಆ ಬಾಗಿಲಿನ ವೈರು ನಾನೇ ಬಿಚ್ಚುಸ್ದೆ. ಅವತ್ತು ಅವಳು ಗಾಜಿನ ಆ ಕಡೆಯಿಂದ ಏನೋ ಹೇಳ್ತಾ ಇದ್ಲು, ನಂಗೆ ಕೇಳಿಸ್ತಾ ಇರ್ಲಿಲ್ಲ. ನನ್ ಜೀವಮಾನದಲ್ಲೇ ಅಷ್ಟು ಹೆದರಿರ್ಲಿಲ್ಲ ನಾನು. ಅವಳಿಗೆ ಯಾವಾಗ ಇಳೀಬೇಕು ಅನ್ನುಸ್ತದೋ ಆವಾಗ ಇಳೀಲಿ. ಆ ಬಾಗ್ಲು ಅವಳ ಕೈಲೇ ಇರ್ಲಿ."

ನನಗೆ ಕಣ್ಣು ತುಂಬಿ ಬಂದು, ಕಿಟಕಿಯಾಚೆ ತೆಂಗಿನ ತೋಟ ನೋಡುತ್ತ ಕೂತೆ. ಅತ್ತೆ ಬಾಗಿಲು ತೆರೆದು ಕೆಳಗಿಳಿದರು. ರಸ್ತೆಯ ಬದಿಯಲ್ಲಿ ಸುಮ್ಮನೆ ಸ್ವಲ್ಪ ಹೊತ್ತು ನಿಂತರು. ಮಾವ ಇಂಜಿನ್ ಆಫ್ ಮಾಡಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕಾದರು.

ಅತ್ತೆ ಮತ್ತೆ ಹತ್ತಿದರು. ಬೆನ್ನಾನಿಸಿ ಆರಾಮವಾಗಿ ಕೂತು, ಬಾಗಿಲು ಎಳೆದುಕೊಂಡರು. ಆಮೇಲೆ ಬೆರಳಿನಿಂದ ತಾವೇ ಬೀಗ ಒತ್ತಿಕೊಂಡು, "ಹೊರಡಿ, ಹೊತ್ತಾಯ್ತು" ಎಂದರು.