ಹೊಳೆ ಕೆಡಿಸಿದವರಿಗೆ ಅತ್ತೆ ಕೊಟ್ಟ ರ‍್ಯಾಂಕು

ಖಾನಾಪುರದ ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ಹೊಳೆಗೆ ಏನಾದರೂ ಎಸೆಯಬೇಕೆಂದವರು ಮೊದಲು ಎಡಕ್ಕೆ ನೋಡುತ್ತಾರೆ, ಆಮೇಲೆ ಬಲಕ್ಕೆ ನೋಡುತ್ತಾರೆ. ಪೊಲೀಸರು ಇದ್ದಾರೆಯೇ ಎಂದಲ್ಲ, ನಮ್ಮ ಅತ್ತೆ ಇದ್ದಾಳೆಯೇ ಎಂದು. ಪೊಲೀಸರಾದರೆ ಗದರಿಸಿ ಬಿಟ್ಟುಬಿಡುತ್ತಾರೆ. ಅತ್ತೆ ಪಾಠ ಮಾಡುತ್ತಾಳೆ!

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಖಾನಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಒಂಟಿ ಜೀವ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಬರಲಿಲ್ಲ. ನಿವೃತ್ತರಾದವರು ಸಾಮಾನ್ಯವಾಗಿ ಯಾತ್ರೆಗೆ ಹೋಗುತ್ತಾರೆ, ಇಲ್ಲವೇ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂಡುತ್ತಾರೆ. ಇವಳು ಮಲಪ್ರಭೆಯ ದಂಡೆಗೆ ಹೋಗಿ, ಹೊಳೆ ಕೆಡಿಸುವವರನ್ನೆಲ್ಲ ಸಾಲಾಗಿ ನಿಲ್ಲಿಸಿ ರ‍್ಯಾಂಕು ಕೊಡಲು ಶುರುಮಾಡಿದಳು. ಅಷ್ಟು ವರ್ಷ ಮಕ್ಕಳ ಪೇಪರು ತಿದ್ದಿದ ಕೈ ಸುಮ್ಮನಿರುತ್ತದೆಯೇ?

ಇದಕ್ಕೆಲ್ಲ ಕಾರಣ ಒಂದು ಬೇಸಿಗೆಯ ಮುಂಜಾನೆ. ಘಾಟಿನ ಮೆಟ್ಟಿಲ ಬಳಿ ಸತ್ತ ಮೀನುಗಳು ಬಿಳಿ ಹೊಟ್ಟೆ ಮೇಲೆ ಮಾಡಿಕೊಂಡು ತೇಲಿದವು. ಊರ ಮಂದಿ ಬಂದು ನೋಡಿ, ಮೂಗು ಮುಚ್ಚಿಕೊಂಡು, "ಎಂಥಾ ಕಾಲ ಬಂತಪಾ" ಎಂದು ಕಾಲವನ್ನು ಬೈದು ಮನೆಗೆ ಹೋದರು. ಅತ್ತೆಗೆ ಮೈಯೆಲ್ಲ ಉರಿದದ್ದು ಮೀನು ಸತ್ತದ್ದಕ್ಕಿಂತ ಹೆಚ್ಚಾಗಿ ಆ ಮಾತಿಗೆ.

"ಕಾಲ ಬಂದು ಹೊಳ್ಯಾಗ ಹೊಲಸು ಹಾಕೇತೇನು? ಹಾಕಿದವರಿಗೆ ಹೆಸರಿಲ್ಲೇನು?" ಎಂದು ಫೋನಿನಲ್ಲಿ ನನ್ನನ್ನೇ ಗದರಿಸಿದಳು. ನಾನು ಬೆಳಗಾವಿಯಲ್ಲಿ ಚಹಾ ಕುಡಿಯುತ್ತಿದ್ದೆ ಅಷ್ಟೇ, ಇನ್ನೇನೂ ಮಾಡಿರಲಿಲ್ಲ!

ಅಂದಿನಿಂದ ಪ್ರತಿ ರವಿವಾರ ನಾನು ಅವಳ ಸ್ಕೂಟರು ಚಾಲಕನಾದೆ. ಬೆಳಗಾವಿ ಬಿಟ್ಟು ಪೀರನವಾಡಿ ದಾಟಿ ಖಾನಾಪುರ ಮುಟ್ಟುವುದರೊಳಗೆ ಅವಳ ಫೋನು ಎರಡು ಸಲವಾದರೂ ಬರುತ್ತಿತ್ತು.

ಒಮ್ಮೆ ಸೇತುವೆಯ ಮೇಲೆ ಕಾರಿನಿಂದ ಇಳಿದ ಒಬ್ಬ ಹಿರಿಯರು ಪೂಜೆಯ ಒಣ ಹೂವಿನ ಚೀಲ ಎತ್ತಿದರು. ಅತ್ತೆ ಹಿಂದಿನಿಂದ ಹೋಗಿ ಚೀಲ ಹಿಡಿದಳು. ಅವರು ಮರಾಠಿಯಲ್ಲಿ, ಇದು ದೇವರ ಹೂವು ಮಾವಶೀ ಎಂದರು. ಅತ್ತೆಯೂ ಮರಾಠಿಯಲ್ಲೇ, ದೇವರು ಪ್ಲಾಸ್ಟಿಕ್ ಚೀಲ ಕೇಳಿದ್ದನೇ ಎಂದು ವಿಚಾರಿಸಿದಳು. ಅವರು ನಾಚಿ, ಹೂವನ್ನು ಮನೆಯ ತೆಂಗಿನ ಬುಡಕ್ಕೆ ಹಾಕುತ್ತೇನೆ ಎಂದು ಒಪ್ಪಿಕೊಂಡು ಹೋದರು.

ಇನ್ನೇನು, ದೊಡ್ಡ ಅಪರಾಧಿಯನ್ನೇ ಹಿಡಿದೆವು ಎಂದು ನಾನು ಬೀಗಿದೆ.

"ದೊಡ್ಡಾಂವ ಅಲ್ಲ ಅಂವ. ಕಡೀ ನಂಬರದಾಂವ" ಎಂದಳು ಅತ್ತೆ. "ಕಣ್ಣಿಗೆ ಕಾಣತೈತಿ ಅಂತ ಎಲ್ಲಾರೂ ಹೂವಿನ ಮ್ಯಾಲೇ ಹರಿಹಾಯ್ತಾರ. ಕೈಲೆ ತಗೀಬಹುದಾದ ಹೊಲಸಿಗೆ ನಾ ಹೆದರೂದಿಲ್ಲ. ಕರಗಿ ಹೋಗೂದು ನೋಡು, ದಿನಾ ಬರೂದು ನೋಡು. ಅಲ್ಲೆ ಐತಿ ರ‍್ಯಾಂಕು."

ಅವಳ ಲೆಕ್ಕದಲ್ಲಿ ಮೊದಲನೆಯದು ಊರಿನ ಗಟಾರು, ಅದರಲ್ಲೂ ಪಾಯಖಾನೆಯ ನೀರು. ಹಬ್ಬವಿಲ್ಲ, ರಜೆಯಿಲ್ಲ, ಹನ್ನೆರಡು ತಿಂಗಳೂ ಹಾಜರಿ. ಎರಡನೆಯದು ಮೊದಲ ಮಳೆಗೆ ಹೊಲಗಳಿಂದ ಕೊಚ್ಚಿ ಬರುವ ಗೊಬ್ಬರ ಮತ್ತು ಕೀಟದ ಔಷಧಿ. ಮೂರನೆಯದು ಲಾರಿ, ಟ್ರ್ಯಾಕ್ಟರು ತೊಳೆದ ಎಣ್ಣೆ ನೀರು. ಕೋಳಿ ಅಂಗಡಿಯ ಚೀಲಗಳು, ಬಣ್ಣದ ಗಣಪತಿಗಳು ಆಮೇಲೆ.

ರ‍್ಯಾಂಕು ಬಂದವರಿಗೆ ಅಭಿನಂದನೆ ಬೇಡವೇ? ಬೆಳಗಾವಿಯಿಂದ ಕುಂದಾ ತರುವ ಹುಕುಂ ನನಗಾಯಿತು. ಹೊಳೆಯ ಬಾಜು ಲಾರಿ ತೊಳೆಯುವ ಜಾಗವಿಟ್ಟುಕೊಂಡವನ ಎದುರು ಅತ್ತೆ ಕುಂದಾ ಡಬ್ಬಿ ತೆರೆದಳು. ಅವನು ಅವಳ ಹಳೆಯ ವಿದ್ಯಾರ್ಥಿ.

"ಮೂರನೇ ರ‍್ಯಾಂಕ ಬಂದೀಪಾ. ಬಾಯಿ ಸಿಹಿ ಮಾಡ್ಕೊ."

ಸಾಲೆಯಲ್ಲಿ ಎಂದೂ ರ‍್ಯಾಂಕು ಕಾಣದವನು ಹಿಗ್ಗಿ ದೊಡ್ಡ ತುತ್ತನ್ನೇ ಬಾಯಿಗೆ ಹಾಕಿಕೊಂಡ. "ಯಾವುದರಾಗ್ರಿ ಟೀಚರ್?"

"ಹೊಳಿ ಕೆಡಸೂದರಾಗ."

ಪಾಪ, ಕುಂದಾ ನುಂಗುವಂತಿಲ್ಲ, ಉಗುಳುವಂತಿಲ್ಲ. ಆದರೂ ಸಾವರಿಸಿಕೊಂಡು, "ಮೊದಲನೇದವ್ರು ಯಾರ್ರಿ?" ಎಂದು ಕೇಳಿದ. ತನಗಿಂತ ಮೇಲೆ ಇಬ್ಬರು ಇದ್ದಾರೆಂದು ತಿಳಿದು ಅವನ ಮುಖ ಅರಳಿತು. ಅತ್ತೆ ಆ ಸಂತೋಷವನ್ನು ಬಾಳಗೊಡಲಿಲ್ಲ. "ಮುಂದಿನ ವಾರ ಮತ್ತ ಬರ್ತೀನಿ. ಎಣ್ಣಿ ನಿಲ್ಲಾಕ ಒಂದು ಗುಂಡಿ ತಗಸಿರಬೇಕು." ತೆಗೆಸಿದ. ಕುಂದಾಕ್ಕೆ ಹೆದರಿ ಗುಂಡಿ ತೋಡಿಸಿದವರು ಭೂಮಿಯ ಮೇಲೆ ಅವನೊಬ್ಬನೇ ಇರಬೇಕು.

ಇವಳ ಖ್ಯಾತಿ ಬೆಳಗಾವಿಗೂ ಮುಟ್ಟಿ, ನದಿ ಉಳಿಸುವ ಒಂದು ಸಭೆಗೆ ಕರೆ ಬಂತು. ಮುಖ್ಯ ಅತಿಥಿಗಳು ಬಹಳ ಹೊತ್ತು ಮಾತಾಡಿ, "ನದಿಯ ಈ ಸ್ಥಿತಿಗೆ ನಾವೆಲ್ಲರೂ ಸಮಾನವಾಗಿ ಕಾರಣರು" ಎಂದು ಮುಗಿಸಿದರು. ಚಪ್ಪಾಳೆ ಬಿತ್ತು. ಅತ್ತೆ ಎದ್ದು ಮೈಕಿನ ಮುಂದೆ ನಿಂತಳು.

"ಎಲ್ಲಾರೂ ಕಾರಣ ಅಂದ್ರ ಯಾರನ್ನೂ ಕೇಳೂದು ಬ್ಯಾಡ ಅಂದಂಗಾತ್ರಿ. ನಮ್ಮ ಸಾಲ್ಯಾಗ ಕಿಟಕಿ ಗಾಜು ಒಡದಾಗ ಇಡೀ ಕ್ಲಾಸು ಎದ್ದು, ನಾವೆಲ್ಲಾರೂ ರೀ ಟೀಚರ್, ಅಂತಿತ್ತು. ಒಡದಾಂವ ನಡುವ ನಿಂತು ನಗ್ತಿದ್ದ."

"ತಾಯಿ, ಮೊದಲು ಜನಜಾಗೃತಿ ಆಗಬೇಕು" ಎಂದರು ಅತಿಥಿಗಳು, ಮೆತ್ತಗೆ.

"ಗಟಾರಕ್ಕ ಜಾಗೃತಿ ಮಾಡಿದ್ರ ಅದು ತಿರುಗಿ ಮನಿಗೆ ಹೋಗತೈತೇನ್ರಿ? ಅದಕ್ಕ ಪೈಪು ಬೇಕು, ನೀರು ಶುದ್ಧ ಮಾಡೂ ಘಟಕ ಬೇಕು. ಅದನ್ನ ಯಾವಾಗ ಮಾಡ್ತೀರಿ ಅದನ್ನ ಹೇಳ್ರಿ."

ಯಾರೋ ಬಂದು ಅವಳ ಮುಂದಿನ ಮೈಕು ಒಯ್ದರು. ನಲವತ್ತು ಮಕ್ಕಳ ಗದ್ದಲದ ಮೇಲೆ ಪಾಠ ಮಾಡಿದವಳಿಗೆ ಮೈಕು ಯಾಕೆ ಬೇಕು? ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿಯೇ ಇಳಿದು ಬಂದಳು.

ಊರಿಗೆ ಬಂದವಳೇ ಮೊದಲ ರ‍್ಯಾಂಕಿನ ಹಿಂದೆ ಬಿದ್ದಳು. ಓಣಿಯಲ್ಲಿ ಯಾರನ್ನು ಕೇಳಿದರೂ, ನಮ್ಮ ಪಾಯಖಾನೆ ನೀರು ಗುಂಡಿಗೇ ಹೋಗುತ್ತದೆ ಎಂದು ಆಣೆ ಮಾಡುತ್ತಿದ್ದರು. ಹಾಗಾದರೆ ಗಟಾರಿನಲ್ಲಿ ಬರುತ್ತಿರುವುದು ಅತ್ತರೇ? ಪ್ರತಿ ಮನೆಯ ಪಾಯಖಾನೆಗೆ ಬಣ್ಣದ ನೀರು ಸುರಿದು ಪರೀಕ್ಷಿಸುವುದೆಂದು ಅತ್ತೆ ತೀರ್ಮಾನಿಸಿದಳು. ಹೋಳಿಯ ಬಣ್ಣ ಹಾಕಿದರೆ ತಾನೂ ರ‍್ಯಾಂಕಿಗೆ ಬರಬೇಕಾದೀತೆಂದು ಬೀಟ್‌ರೂಟು ಕುದಿಸಿದಳು. ಓಣಿಯವರನ್ನೆಲ್ಲ ಅಂಗಳದಲ್ಲಿ ಸೇರಿಸಿ, "ಮೊದಲು ನಮ್ಮ ಮನಿ. ನೋಡಿ ಕಲೀರಿ" ಎಂದು ಬಕೆಟ್ಟು ಸುರಿದಳು. ಓಣಿಯ ಕೊನೆಯಲ್ಲಿ ಗಟಾರಿನ ಬಳಿ ನನ್ನನ್ನು ನಿಲ್ಲಿಸಿದ್ದಳು.

ಸ್ವಲ್ಪ ಹೊತ್ತಿಗೆ ಫೋನು ಬಂತು. "ಏನೂ ಬರಲಿಲ್ಲ ಹೌದಲ್ಲೋ?"

"ಬಂತು ಅತ್ತಿ."

"ಏನು ಬಂತು?"

"ಕೆಂಪು ನೀರು ಬಂತು."

ಅತ್ತ ಫೋನು ಕಟ್ಟಾಯಿತು.

ಗುಂಡಿ ತುಂಬಿದರೆ ತೊಂದರೆ ಬೇಡವೆಂದು ಮನೆ ಕಟ್ಟಿದ ಗೌಂಡಿ ಯಾವ ಕಾಲಕ್ಕೋ ಅದರ ಬಾಯಲ್ಲೇ ಒಂದು ಪೈಪು ಇಟ್ಟು ಗಟಾರಿಗೆ ಬಿಟ್ಟಿದ್ದ. ಅತ್ತೆಗೆ ಗೊತ್ತೇ ಇರಲಿಲ್ಲ. ನಾನು ಓಡಿ ಬರುವಷ್ಟರಲ್ಲಿ ಅವಳು ಎಲ್ಲರ ಎದುರು ಕಟ್ಟೆಯ ಮೇಲೆ ಕೂತು, ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರಿಗೆಂದು ತರಿಸಿಟ್ಟ ಕುಂದಾವನ್ನು ತಾನೇ ತಿನ್ನುತ್ತಿದ್ದಳು. ಮುಖ ಮಾತ್ರ ಬೇವಿನ ಸೊಪ್ಪು ಅಗಿದವರ ಹಾಗೆ. "ಮೊದಲನೇ ರ‍್ಯಾಂಕು ನಮ್ಮ ಮನಿಗೂ ಬಂತು" ಎಂದಳು. ಮರುದಿನವೇ ಅಂಗಳ ಅಗೆಸಿ ಪೈಪು ಮುಚ್ಚಿಸಿ ದೊಡ್ಡ ಗುಂಡಿ ಮಾಡಿಸಿದಳು. ಅದನ್ನು ನೋಡಿ ಬಾಜು ಮನೆಯವರು, ನಮ್ಮದನ್ನೂ ಪರೀಕ್ಷೆ ಮಾಡ್ರಿ ಎಂದು ತಾವೇ ಕರೆದರು. ಕೆಲವರು ಸರಿಪಡಿಸಿದರು, ಕೆಲವರು ಬಾಗಿಲು ಹಾಕಿಕೊಂಡರು. ಊರಿನ ದೊಡ್ಡ ಗಟಾರು ಈಗಲೂ ಹೊಳೆಗೇ ಬೀಳುತ್ತದೆ. ಅತ್ತೆಯ ಸಿಟ್ಟೂ ಇಳಿದಿಲ್ಲ.

ಹೋದ ಚಳಿಗಾಲದಲ್ಲಿ ಅಪ್ಪನಿಗೆ ಹೊಟ್ಟೆಯ ದೊಡ್ಡ ಆಪರೇಶನ್ ಆಯಿತು. ಬೆಳಗಾವಿಯ ನೆಹರು ನಗರದ ಆಸ್ಪತ್ರೆಯಲ್ಲಿ ಮಲಗಿದ್ದ ಅವನಿಗೆ ನೀರು ಬಂದ್ ಮಾಡಿದ್ದರು. ಸಂಜೆಯಿಂದ ಚಮಚೆಯಲ್ಲಿ ಕೊಡಬಹುದು ಎಂದು ಡಾಕ್ಟರು ಹೇಳಿದ್ದೇ ತಡ, ಅಪ್ಪ ತಂಗಿಯನ್ನು ಕರೆದು, "ನಮ್ಮ ಹೊಳಿ ನೀರು ತಂದು ಕೊಡವಾ" ಎಂದ. ಅತ್ತೆ ನನ್ನನ್ನು ಎಬ್ಬಿಸಿಕೊಂಡು ಹೊರಟಳು. ಖಾನಾಪುರದ ಕಡೆ ತಿರುಗಲಿಲ್ಲ. ಹೊಳೆ ಹುಟ್ಟಿ ಬರುವ ಜಾಂಬೋಟಿಯ ಕಾಡಿನ ದಾರಿ ಹಿಡಿಸಿದಳು. ಅಲ್ಲಿ ಹೊಳೆ ಇನ್ನೂ ಸಣ್ಣದು, ತಳದ ಕಲ್ಲು ಕಾಣುವಷ್ಟು ತಿಳಿ. ಅವಳು ಬಾಟಲಿ ತುಂಬಿ ಎತ್ತಿದಾಗ, ಮೇಲಿನ ದಂಡೆಯಲ್ಲಿ ಯಾರೋ ಉಂಡು ಬಿಟ್ಟುಹೋದ ತಟ್ಟೆಗಳು, ಒಡೆದ ಬಾಟಲಿಗಳು ಕಂಡವು.

ಅತ್ತೆ ಅವನ್ನೊಮ್ಮೆ, ಕೈಯ ಬಾಟಲಿಯನ್ನೊಮ್ಮೆ ನೋಡಿದಳು. ಆಮೇಲೆ ತುಂಬಿದ್ದನ್ನೆಲ್ಲ ಮೆಲ್ಲಗೆ ಹೊಳೆಗೇ ಸುರಿದಳು.

"ಹೊಟ್ಟಿ ಹೊಲಿಗಿ ಹಸಿ ಐತಿ ಅಣ್ಣಂದು. ನನಗ ಧೈರ್ಯ ಇಲ್ಲ."

ಆಸ್ಪತ್ರೆಗೆ ಬಂದು, ಅಲ್ಲಿಯ ಫಿಲ್ಟರಿನ ನೀರನ್ನೇ ಬಾಟಲಿಗೆ ಹಿಡಿದಳು. ಅಪ್ಪನ ತಲೆ ಎತ್ತಿ ಹಿಡಿದು ಒಂದು ಚಮಚೆ ಕುಡಿಸಿದಳು. ಅಪ್ಪ ಕಣ್ಣು ಮುಚ್ಚಿ, ಆ ನೀರನ್ನು ಬಾಯಿಯಲ್ಲಿ ಇಟ್ಟುಕೊಂಡು ಕೊನೆಗೆ ನುಂಗಿದ.

"ಅದೇ ರುಚಿ ನೋಡು. ಸಣ್ಣವರಿದ್ದಾಗ ಬೊಗಸೀಲೆ ಕುಡೀತಿದ್ವಲ್ಲ, ಅದೇ" ಎಂದ. "ನೀ ಸುಮ್ನ ಮಂದಿ ಕೂಡ ಜಗಳಾ ಮಾಡ್ತಿ. ನಮ್ಮ ಹೊಳಿ ಏನೂ ಕೆಟ್ಟಿಲ್ಲ."

ಇನ್ನು ಅತ್ತೆಯ ಪಾಠ ಶುರುವಾಯಿತು ಎಂದುಕೊಂಡೆ. ಅತ್ತೆ ಸೆರಗಿನ ತುದಿಯಿಂದ ಅವನ ಗದ್ದ ಒರೆಸಿದಳು.

"ಹೌದಣ್ಣಾ" ಎಂದಳು. "ಕೆಟ್ಟಿಲ್ಲ."