ನರೇಗಲ್ಲಿನ ಅಕ್ಕನ ಬ್ಯಾನಿ

ಹೊಳಿಯಪ್ಪ ಆಕಳಿಸಿದ್ದೇ ಎಲ್ಲಕ್ಕೂ ಮೂಲವಾಯಿತು.

ಗಜೇಂದ್ರಗಡದ ನೇಕಾರರ ಓಣಿಯ ಸಣ್ಣ ಮಠದ ಅಂಗಳದಲ್ಲಿ ಆ ಸಂಜೆ ಸಭೆ ಸೇರಿತ್ತು. ಪಂಚವಾರ್ಷಿಕ ಯೋಜನೆ, ಶ್ರಮದಾನ ಎಂಬ ಮಾತುಗಳು ಆಗಷ್ಟೇ ಊರೂರಿಗೆ ಬಂದಿದ್ದ ಕಾಲ. ಓಣಿಯ ಹಿರಿಯರಾದ ಬಸಯ್ಯನವರಿಗೆ ಆ ಮಾತುಗಳು ಚೆನ್ನಾಗಿ ತಲೆಗೇರಿದ್ದವು. ನೂಲಿಗೆ ಬಣ್ಣ ಹಾಕಿದ ನೀರು, ಬಚ್ಚಲ ನೀರು ಎಲ್ಲವೂ ಹರಿಯಲು ದಾರಿಯಿಲ್ಲದೆ ಮನೆಗಳ ಮುಂದೆಯೇ ನಿಂತು ನಾರುತ್ತಿದ್ದವು. ಓಣಿಯ ಮೇಲಿನ ತುದಿಯಿಂದ ಕೆಳಗಿನ ಹಳ್ಳದವರೆಗೆ ಎಲ್ಲರೂ ಕೂಡಿ ಒಂದು ಗಟಾರ ತೋಡಬೇಕು ಎಂದು ಅವರು ಬಹಳ ಹೊತ್ತು ಮಾತಾಡಿದರು. ಕೊನೆಗೆ, "ನಾಳಿ ಸುರು ಮಾಡೂಣು. ಮುಂದ ನಿಂತು ಮದಲನೇ ಗುದ್ದಲಿ ಹಾಕೋರು ಯಾರು? ಕೈ ಎತ್ತ್ರಿ" ಎಂದರು.

ಜನರೆಲ್ಲ ತಮ್ಮ ತಮ್ಮ ಕಾಲ್ಬೆರಳುಗಳನ್ನು ಬಹಳ ಆಸ್ಥೆಯಿಂದ ನೋಡತೊಡಗಿದರು.

ಹೊಳಿಯಪ್ಪ ಹೊತ್ತು ಮೂಡುವಾಗ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತವನು, ಅಲ್ಲಿಂದ ಎದ್ದು ನೇರವಾಗಿ ಸಭೆಗೆ ಬಂದಿದ್ದ. ಹಿಂದಿನ ಕಂಬಕ್ಕೆ ಒರಗಿ ಅರೆನಿದ್ದೆಯಲ್ಲಿದ್ದ. ಭಾಷಣ ನಡೆದಿರುವವರೆಗೆ ಹಿತವಾಗಿ ಬರುತ್ತಿದ್ದ ನಿದ್ದೆ, ಭಾಷಣ ನಿಂತ ಕೂಡಲೇ ಹರಿಯಿತು. ಆತ ಬಾಯಿ ಅಗಲಿಸಿ, ಎರಡೂ ತೋಳು ಮೇಲೆತ್ತಿ ಮೈಮುರಿದ.

"ನೋಡ್ರಿ" ಎಂದರು ಬಸಯ್ಯನವರು. ಅವರ ದನಿ ಗದ್ಗದವಾಗಿತ್ತು. "ನಿಮಗ ಒಂದ ಕೈ ಎತ್ತಾಕ ಆಗವಲ್ದು. ಹೊಳಿಯಪ್ಪ ಎರಡೂ ಎತ್ತ್ಯಾನ."

ಚಪ್ಪಾಳೆ ಬಿತ್ತು. ಯಾರಿಗೆ ಗುದ್ದಲಿಯ ಭಯ ಹೆಚ್ಚಾಗಿತ್ತೋ ಅವರೇ ಜೋರಾಗಿ ತಟ್ಟಿದರು.

ಮರುದಿನ ಹೊಳಿಯಪ್ಪ ಬಾಗಿಲು ತೆರೆದರೆ, ಬಸಯ್ಯನವರು ಅರಿಸಿನ ಹಚ್ಚಿ ಚೆಂಡುಹೂವು ಕಟ್ಟಿದ ಗುದ್ದಲಿಯನ್ನು ಮದುಮಗನ ಹಾಗೆ ಹೆಗಲ ಮೇಲಿಟ್ಟುಕೊಂಡು ನಿಂತಿದ್ದರು. ಹಿಂದೆ ಹತ್ತಾರು ಜನ. ಹೊಳಿಯಪ್ಪನ ಕೈಗೆ ಲಾಳಿ ಗೊತ್ತು, ದಾರ ಗೊತ್ತು. ಹುಟ್ಟಿದಾಗಿನಿಂದ ನೆಲ ಅಗಿದದ್ದಿಲ್ಲ. ಬೆಳ್ಳಗೆ ಮಿಂಚುತ್ತಿದ್ದ ಗುದ್ದಲಿಯ ಬಾಯಿ ನೋಡುತ್ತಿದ್ದ ಹಾಗೆ, ಆತನ ಬಾಯಿಂದ ಮಾತು ತಾನಾಗಿಯೇ ಜಾರಿತು.

"ನಮ್ಮಕ್ಕಗ ಆರಾಮಿಲ್ಲಂತ್ರೀ. ನರೇಗಲ್ಲಿಂದ ಹೇಳಿ ಕಳಿಸ್ಯಾರ. ಭಾಳ ಆಗೇತಂತ."

ಹಿಟ್ಟಿನ ಕೈಯಲ್ಲೇ ಹೊರಗೆ ಬಂದ ಹೆಂಡತಿ ಹನುಮವ್ವ, "ಯಾರು ಹೇಳಿದ್ರು? ಯಾವಾಗ?" ಎಂದಳು.

"ಈಗ ಹಿತ್ತಲದಾಗ ನಿಂತಿದ್ದೆ. ಹಾದು ಹೋಗೋ ಗಾಡಿಯವಾ ಒಬ್ಬಾಂವ ಹೇಳಿ ಹೋದ."

ಹನುಮವ್ವ ಹೊಸ್ತಿಲ ಮೇಲೆ ಕುಸಿದು ಅಳಲು ಶುರು ಮಾಡಿದಳು. ಗಂಡನ ಅಕ್ಕನ ಮೇಲೆ ಅವಳಿಗೆ ನಿಜವಾದ ಪ್ರೀತಿ. ಅವಳಿಗೊಬ್ಬಳಿಗಾದರೂ ನಿಜ ಹೇಳೋಣವೆಂದರೆ ಬಸಯ್ಯನವರು ನಡುವೆಯೇ ನಿಂತಿದ್ದಾರೆ.

"ಗಟಾರ ನಾಳಿನೂ ಆಗ್ತೈತಿ. ಮದಲ ಅಕ್ಕನ ಮಾರಿ ನೋಡಿ ಬಾ" ಎಂದು ಅವರು ತಾವೇ ಆತನ ತೋಳು ಹಿಡಿದು ಮೋಟಾರು ನಿಲ್ಲುವಲ್ಲಿಗೆ ಕರೆದೊಯ್ದರು. ದಾರಿಯುದ್ದಕ್ಕೂ ಜನ ಕೂಡಿಕೊಂಡರು. ಒಬ್ಬರು ಲಿಂಬೆಹಣ್ಣು ಕೊಟ್ಟರು, ಒಬ್ಬರು ವಿಭೂತಿ ಕಟ್ಟಿಕೊಟ್ಟರು. ಕಾಳಿನ ವ್ಯಾಪಾರಿ ಮಹಮ್ಮದಸಾಬ ತನ್ನ ಲಾರಿಯ ಪಕ್ಕ ನಿಂತು ಎಲ್ಲವನ್ನೂ ಕೇಳಿದ. ಹೊಳಿಯಪ್ಪನನ್ನೇ ಒಂದು ಗಳಿಗೆ ನೋಡಿ, "ಅಲ್ಲಾ ಚಲೋ ಮಾಡಲಿ" ಎಂದಷ್ಟೇ ಹೇಳಿದ.

ಮೋಟಾರು ಊರು ದಾಟಿದ ಮೇಲೆ ಹೊಳಿಯಪ್ಪನಿಗೆ ಉಸಿರು ಬಂತು. ಅಕ್ಕನ ಕೈಯ ಬಿಸಿರೊಟ್ಟಿ, ಆಮೇಲೆ ಅವಳ ಪಡಸಾಲೆಯಲ್ಲಿ ಸಂಜೆಯವರೆಗೆ ನಿದ್ದೆ ಎಂದೆಲ್ಲ ಲೆಕ್ಕ ಹಾಕಿದ. ಆದರೆ ಎರೆಹೊಲಗಳ ನಡುವೆ ಮೋಟಾರು ಕುಲುಕುತ್ತಾ ಸಾಗಿದಂತೆ ಬೇರೊಂದು ನೆನಪು ಬಂದು ಪಕ್ಕದಲ್ಲಿ ಕೂತಿತು. ಹಿಂದಿನ ವರ್ಷ ಅಕ್ಕ ವಿಷಮಜ್ವರದಲ್ಲಿ ಮಲಗಿದ್ದಳು. ಗಂಡನಿಲ್ಲದವಳು, ಮಕ್ಕಳಿಲ್ಲದವಳು. ತಮ್ಮನಿಗೆ ಹೇಳಿ ಕಳಿಸಿದ್ದಳು. ಲಗ್ನದ ಹಂಗಾಮು, ಮಗ್ಗದ ಮೇಲೆ ಸೀರೆ ಇತ್ತು. ಇವತ್ತು, ನಾಳೆ ಎನ್ನುವುದರಲ್ಲಿ ಅವಳೇ ಎದ್ದಳೆಂದು ಸುದ್ದಿ ಬಂತು. ಆಮೇಲೆ ಅವಳಿಗೆ ಮುಖ ತೋರಿಸಲು ಆಗಲಿಲ್ಲ.

ನರೇಗಲ್ಲಿನಲ್ಲಿ ಅಕ್ಕನ ಮನೆಗೆ ಕೀಲಿ ಹಾಕಿತ್ತು. ಓಣಿಗೆ ಓಣಿಯೇ ಬರಿದಾಗಿತ್ತು. ಕುರಿಮರಿಗೆ ಸೊಪ್ಪು ಹಾಕುತ್ತಿದ್ದ ಮುದುಕಿಯೊಬ್ಬಳು, "ನಿಮ್ಮಕ್ಕ ಕಳಕವ್ವ ಸಾಲಿ ಕಡೆ ಅದಾಳ. ಊರೆಲ್ಲಾ ಅಲ್ಲೇ ಐತಿ" ಎಂದಳು.

ಶಾಲೆಯ ಬಯಲಿಗೆ ಹೋಗಿ ಹೊಳಿಯಪ್ಪ ಬೇಲಿಗೆ ಅಂಟಿ ನಿಂತುಬಿಟ್ಟ. ಅಲ್ಲಿಯೂ ಶ್ರಮದಾನ. ಹೆಣ್ಣುಮಕ್ಕಳಿಗಾಗಿ ಒಂದು ಹೊಸ ಖೋಲಿಯ ಗೋಡೆ ಏಳುತ್ತಿತ್ತು. ಕಲ್ಲಿನ ರಾಶಿಯಿಂದ ಗೋಡೆಯವರೆಗೆ ಹೆಂಗಸರು ಸಾಲಾಗಿ ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸುತ್ತಿದ್ದರು. ಸಾಲಿನ ನಡುವೆ, ಸೆರಗು ಸಿಕ್ಕಿಸಿ, ತಲೆಯ ಮೇಲೆ ಸಿಂಬಿ ಇಟ್ಟುಕೊಂಡು, ಎಲ್ಲರಿಗೂ ಹೀಗೆ ಮಾಡಿ ಹಾಗೆ ಮಾಡಿ ಎನ್ನುತ್ತಿದ್ದವಳು ಕಳಕವ್ವ. ರೋಗವೇನಾದರೂ ಆಗ ಅವಳೆದುರು ಬಂದಿದ್ದರೆ ಅದರ ಕೈಗೂ ಒಂದು ಬುಟ್ಟಿ ಕೊಡುತ್ತಿದ್ದಳು.

ಆತ ಹಿಂದೆ ಸರಿಯುವಷ್ಟರಲ್ಲಿ ಅವಳ ಕಣ್ಣಿಗೆ ಬಿದ್ದ.

"ಜಮಾಲಬಿ, ನಮ್ಮ ತಮ್ಮ ಬಂದಾನ. ಅವನಿಗೊಂದು ಬುಟ್ಟಿ ಕೊಡು" ಎಂದಳು ಪಕ್ಕದವಳಿಗೆ. ಯಾಕೆ ಬಂದೆ ಎಂದು ಕೇಳಲಿಲ್ಲ. ಜಮಾಲಬಿ ಬುಟ್ಟಿ ಕೊಟ್ಟಳು.

ಹೊಳಿಯಪ್ಪ ಕೆಸರು ಹೊತ್ತ. ಮೊದಲನೆಯ ಬುಟ್ಟಿ ಧೋತರದ ಮೇಲೆ, ಎರಡನೆಯದು ಗೋಡೆ ಕಟ್ಟುತ್ತಿದ್ದ ಗೌಂಡಿಯ ಮೇಲೆ ಬಿತ್ತು. ಬುಟ್ಟಿ ಬೇಡವೆಂದು ಕಲ್ಲಿಗೆ ಹಚ್ಚಿದರೆ ಕಲ್ಲು ಆತನ ಹೆಬ್ಬೆರಳನ್ನೇ ಆರಿಸಿಕೊಂಡಿತು. ಕೊನೆಗೆ ಸಾಲಿನಲ್ಲಿ ಅಕ್ಕನ ಪಕ್ಕ ನಿಲ್ಲಿಸಿದರು. ಅವಳು ಕೊಟ್ಟದ್ದನ್ನು ಈತ ಮುಂದಕ್ಕೆ ಕೊಡಬೇಕು, ಅಷ್ಟೇ. ಸ್ವಲ್ಪ ಹೊತ್ತಿಗೆ ಅದರಲ್ಲೊಂದು ಲಯ ಸಿಕ್ಕಿತು. ಲಾಳಿ ಈ ಕಡೆಯಿಂದ ಆ ಕಡೆಗೆ ಹೋದ ಹಾಗೆ ಕಲ್ಲು ಹೋಗುತ್ತಿತ್ತು, ಅತ್ತ ಗೋಡೆ ಬಟ್ಟೆಯ ಹಾಗೆ ಬೆಳೆಯುತ್ತಿತ್ತು. ಬೆನ್ನು ನೋಯುತ್ತಿದ್ದರೂ ಆತನಿಗೆ ಬೇಸರವಾಗಲಿಲ್ಲ. ಇದನ್ನು ಆತ ಯಾರಿಗೂ ಹೇಳಲಿಲ್ಲ.

ಮಧ್ಯಾಹ್ನ ಬೇವಿನ ನೆರಳಲ್ಲಿ ರೊಟ್ಟಿ ಗಂಟು ಬಿಚ್ಚಿದಾಗ ಕಳಕವ್ವ ಕೇಳಿದಳು: "ಈಗ ಹೇಳು. ಯಾಕ ಬಂದಿ?"

ಸುಳ್ಳು ಹೇಳಲು ಆತನಲ್ಲಿ ಶಕ್ತಿ ಉಳಿದಿರಲಿಲ್ಲ. ಆಕಳಿಕೆಯಿಂದ ಹಿಡಿದು ಎಲ್ಲವನ್ನೂ ಹೇಳಿದ. ಅವಳು ರೊಟ್ಟಿ ಮುರಿಯುತ್ತಾ ಕೇಳಿದಳು. ನಗಲಿಲ್ಲ.

"ಹೋದ ವರ್ಷ ನನಗ ಖರೇನ ಬ್ಯಾನಿ ಬಂದಿತ್ತು. ಹೇಳಿ ಕಳಿಸಿದೆ, ನೀ ಬರಲಿಲ್ಲ. ಈಗ ಸುಳ್ಳ ಬ್ಯಾನಿ ಬಂದೈತಿ. ಹೊತ್ತ ಏರೂದರಾಗ ಬಂದಿ."

ಹೊಳಿಯಪ್ಪ ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ಕೆಳಗಿಟ್ಟ. ಅವಳು ನೀರಿನ ತಂಬಿಗೆ ಆತನ ಕಡೆಗೆ ಸರಿಸಿದಳು. "ಇರಲಿ. ಹ್ಯಾಂಗರ ಬಂದೆಲ್ಲ. ಉಣ್ಣು."

ಊಟ ಮುಗಿಸಿ ಮತ್ತೆ ಕೆಲಸಕ್ಕೆ ನಿಂತಿದ್ದರು. ಆಗ ರಸ್ತೆಯಲ್ಲಿ ಧೂಳೆದ್ದಿತು. ಮಹಮ್ಮದಸಾಬನ ಲಾರಿ ಬಂದು ನಿಂತಿತು. ಅದರ ತುಂಬ ಗಜೇಂದ್ರಗಡದ ಜನ. ಹೊಳಿಯಪ್ಪನಿಲ್ಲದೆ ಗುದ್ದಲಿ ಹಿಡಿಯಲು ಓಣಿಯಲ್ಲಿ ಯಾರಿಗೂ ಮನಸ್ಸಿರಲಿಲ್ಲ. ಗಟಾರಕ್ಕಿಂತ ರೋಗಿಯನ್ನು ಕಾಣುವುದೇ ದೊಡ್ಡ ಸೇವೆ ಎಂದು ಯಾರೋ ಅಂದದ್ದಕ್ಕೆ ಎಲ್ಲರೂ ಒಂದೇ ಬಾಯಲ್ಲಿ ಒಪ್ಪಿ ಹೊರಟುಬಿಟ್ಟಿದ್ದರು. ಬಸಯ್ಯನವರ ಕೈಯಲ್ಲಿ ಕಷಾಯದ ಗಡಿಗೆ. ಅತ್ತು ಅತ್ತು ಹನುಮವ್ವನ ಮುಖ ಬಾತಿತ್ತು.

ಅವರೆದುರಿಗೆ ಕಳಕವ್ವ ತಲೆಯ ಮೇಲೆ ಕೆಸರಿನ ಬುಟ್ಟಿ ಹೊತ್ತುಕೊಂಡು ಬರುತ್ತಿದ್ದಳು.

ಗೋಡೆಗೆ ಬೆನ್ನು ಹಚ್ಚಿದ್ದ ಹೊಳಿಯಪ್ಪ, ಗೌಂಡಿ ತನ್ನ ಮೇಲೆಯೇ ಎರಡು ಸಾಲು ಕಲ್ಲು ಇಟ್ಟುಬಿಟ್ಟರೆ ಒಳ್ಳೆಯದೆಂದುಕೊಂಡ.

"ತಂಗೀ" ಎಂದರು ಬಸಯ್ಯನವರು, "ನಿನಗ ಭಾಳ ಆಗೇತಂತ ಕೇಳಿದ್ವಿ."

ಕಳಕವ್ವ ತಮ್ಮನ ಮುಖ ನೋಡಿದಳು. ಬುಟ್ಟಿ ಇಳಿಸಿ, ಸೆರಗಿನಿಂದ ಬೆವರೊರೆಸಿಕೊಂಡಳು.

"ಖರೇ ಐತ್ರಿ ಅಜ್ಜಾರ. ಮುಂಜಾನಿ ಏಳಾಕೂ ಆಗ್ತಿರಲಿಲ್ಲ. ಇವಾ ಬಂದಾ, ನನ್ನ ತಲಿ ಮ್ಯಾಲೆ ಕೈ ಇಟ್ಟು ಕಾಲಕಾಲೇಶ್ವರಗ ಹರಕಿ ಹೊತ್ತಾ. ನಮ್ಮಕ್ಕ ಎದ್ದ ಕೂತ್ರ ನಮ್ಮ ಓಣಿ ಗಟಾರ ಈ ತುದಿಯಿಂದ ಆ ತುದಿತನಕ ನಾ ಒಬ್ಬನ ಅಗೀತೀನಿ ಅಂದ. ಅಂದದ್ದ ತಡಾ, ಜ್ವರಾ ಇಳೀತು."

ಜಮಾಲಬಿ ಏನೋ ಹೇಳಲು ಬಾಯಿ ತೆರೆದವಳು, ಸೆರಗು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿ ಬಹಳ ಹೊತ್ತು ಕೆಮ್ಮಿದಳು.

ಹನುಮವ್ವ ಗಂಡನನ್ನು ನೋಡಿದ ಬಗೆ ಹೊಸದಾಗಿತ್ತು. ಲಗ್ನದ ದಿನವೂ ಅವಳು ಹಾಗೆ ನೋಡಿರಲಿಲ್ಲ. ಬಸಯ್ಯನವರು ಕಷಾಯದ ಗಡಿಗೆಯನ್ನು ಕೆಳಗಿಟ್ಟು ಕೈ ಮುಗಿದರು.

"ಅಲ್ಲರೀ, ಓಣಿಯವರೆಲ್ಲಾ ಕೂಡಿ..." ಎಂದು ಹೊಳಿಯಪ್ಪ ತೊದಲಿದ.

"ಛೇ, ಛೇ. ಹರಕಿ ಹೊತ್ತಾವ ಒಬ್ಬ, ತೀರಸಾವ ಇನ್ನೊಬ್ಬ ಆಗಬಾರದು. ನಾವು ಗುದ್ದಲಿ ಮುಟ್ಟಿದ್ರ ದೇವರಿಗೆ ಸಲ್ಲೂದಿಲ್ಲ" ಎಂದರು ಬಸಯ್ಯನವರು.

ಓಣಿಯವರೆಲ್ಲ ಲಗುಬಗೆಯಿಂದ ತಲೆಯಾಡಿಸಿದರು. ಲಾರಿಗೆ ಒರಗಿದ್ದ ಮಹಮ್ಮದಸಾಬನೂ, "ಹೌದ್ರಿ. ನಮ್ಮಲ್ಲೂ ಹಂಗ. ಮನ್ನತ ಅಂದ್ರ ಯಾರು ಹೊತ್ತಾರೋ ಅವರದ" ಎಂದ.

ತಮ್ಮ ತಲೆಯ ಮೇಲಿನ ಭಾರ ಇಳಿದ ಸಂತೋಷದಲ್ಲಿ ಗಜೇಂದ್ರಗಡದವರು ನರೇಗಲ್ಲಿನ ಕಲ್ಲು ಹೊರಲು ನಿಂತರು. ತಮ್ಮ ಮನೆಯ ಮುಂದಿನ ಹೊಲಸಿಗೆ ಬಗ್ಗದವರು ಪರವೂರಿನ ಗೋಡೆಗೆ ಬಗ್ಗಿ ಬಗ್ಗಿ ದುಡಿದರು. ಹೊತ್ತು ಮುಳುಗುವಾಗ ಗೋಡೆ ಕಿಟಕಿಯ ಮೇಲಕ್ಕೆ ಬಂದಿತ್ತು. ಎರಡೂ ಊರಿನವರು ಒಂದೇ ಗಡಿಗೆಯ ನೀರು ಕುಡಿದು, ಒಬ್ಬರ ಮಕ್ಕಳ ಹೆಸರು ಒಬ್ಬರು ಕೇಳಿದರು. ಕಳಕವ್ವ ಮನೆಗೆ ಕೀಲಿ ಹಾಕಿ, ಜಮಾಲಬಿಗೆ ಎಮ್ಮೆ ಒಪ್ಪಿಸಿ, ಗಂಟಿನೊಂದಿಗೆ ಲಾರಿ ಹತ್ತಿದಳು.

"ಯಾಕ ಹಿಂಗ ಮಾಡಿದಿ?" ಎಂದು ತಮ್ಮ ಪಿಸುಗುಟ್ಟಿದ.

"ನಿನ್ನ ಮರ್ಯಾದಿ ಉಳಿಸೀನಿ. ಪುಕ್ಕಟ ಉಳೀತೈತೇನು?"

ಮರುದಿನ ಓಣಿಯವರು ಕಟ್ಟೆಗಳ ಮೇಲೆ ಕಂಬಳಿ ಹಾಸಿಕೊಂಡು ಕೂತರು. ಹೊಳಿಯಪ್ಪ ಅಗಿದ. ಪ್ರತಿ ಕಟ್ಟೆಯಿಂದಲೂ ಒಂದೊಂದು ಸಲಹೆ ಬಂತು. ಆಳ ಸಾಲದು, ಸೊಟ್ಟಗಾಯಿತು, ನಮ್ಮ ಮನೆಯಿಂದ ಸ್ವಲ್ಪ ದೂರ ಸರಿಯಲಿ. ಮಧ್ಯಾಹ್ನದ ಹೊತ್ತಿಗೆ ಆತನ ಅಂಗೈ ಬೊಬ್ಬೆ ಒಡೆದದ್ದನ್ನು ನೋಡಿ ಕಳಕವ್ವ ಎದ್ದು ನಿಂತಳು.

"ಅಜ್ಜಾರ, ಹರಕಿ ಅಗಿಯೂದಕ್ಕ ಐತ್ರಿ. ಮಣ್ಣ ಹೊರೂದಕ್ಕ ಇಲ್ಲ. ಅದನ್ನ ಕೇಳಿಸಿಕೊಂಡಾಕಿ ನಾನು."

ಬಸಯ್ಯನವರು ಬಹಳ ಯೋಚಿಸಿದರು. ತಪ್ಪು ಸಿಗಲಿಲ್ಲ. ಮೊದಲು ಹನುಮವ್ವ ಬುಟ್ಟಿ ತಂದಳು. ಅವಳ ಹಿಂದೆ ಹೆಂಗಸರು, ಹೆಂಗಸರ ಹಿಂದೆ ನಾಚಿಕೆಯಿಂದ ಗಂಡಸರು. ನರೇಗಲ್ಲಿನಲ್ಲಿ ಕಲಿತು ಬಂದ ಹಾಗೆ ಸಾಲು ನಿಂತು ಮಣ್ಣು ದಾಟಿಸಿದರು. ಆದರೆ ಗುದ್ದಲಿಯನ್ನು ಕೊನೆಯವರೆಗೂ ಯಾರೂ ಮುಟ್ಟಲಿಲ್ಲ. ದಿನಗಟ್ಟಲೆ ಮಗ್ಗ ಸುಮ್ಮನಿತ್ತು. ಗಟಾರ ಹಳ್ಳ ಮುಟ್ಟಿದ ಮೇಲೆಯೇ ಕಳಕವ್ವ ಊರಿಗೆ ಹೋದಳು. ಅವಳು ಹೋದ ಸಂಜೆ ಹೊಳಿಯಪ್ಪನಿಗೆ ಮನೆ ಬರಿದೆನಿಸಿತು. ಕೈ ಬಾತದ್ದರಿಂದ ಲಾಳಿ ಹಿಡಿಯಲೂ ಆಗದೆ ಸುಮ್ಮನೆ ಕೂತ.

ಮುಂಗಾರಿನ ಮೊದಲ ಮಳೆ ಬಿದ್ದ ದಿನ ಓಣಿಯವರೆಲ್ಲ ಹೊರಗೆ ಬಂದು ನಿಂತರು. ಬಣ್ಣದ ನೀರು, ಬಚ್ಚಲ ನೀರು, ಮಳೆಯ ನೀರು ಎಲ್ಲವೂ ಕೂಡಿ ಹಳ್ಳದ ಕಡೆಗೆ ಓಡಿದವು. ಜನ ಅದಕ್ಕೆ ಆಗಲೇ ಕಳಕವ್ವನ ಗಟಾರ ಎಂದು ಹೆಸರಿಟ್ಟಿದ್ದರು. ಹೊಳಿಯಪ್ಪನ ಪಕ್ಕದಲ್ಲಿ ಮಹಮ್ಮದಸಾಬ ಛತ್ರಿ ಹಿಡಿದು ನಿಂತಿದ್ದ.

"ಒಂದು ಮಾತು ಹೇಳ್ಲೇನು?" ಎಂದ ಮೆಲ್ಲಗೆ. "ನೀನು ನರೇಗಲ್ಲಿಗೆ ಹೋದೆಲ್ಲ, ಅದರ ಹಿಂದಿನ ದಿನ ನಾ ಅಲ್ಲೇ ಸಂತ್ಯಾಗ ಇದ್ದೆ. ಕಳಕವ್ವ ಜ್ವಾಳದ ಚೀಲ ತಾನ ಹೊತ್ತು ಒಯ್ದ್ಲು. ತೂಕ ಕಡಿಮಿ ಅಂತ ನನಗ ಬೈದ್ಲು."

ಹೊಳಿಯಪ್ಪ ಆತನ ಕಡೆ ತಿರುಗಿದ. "ಮತ್ತ ಅವತ್ತ ಹರಕಿ ಮಾತು ಬಂದಾಗ ಯಾಕ ಹೇಳಲಿಲ್ಲ?"

"ಗಟಾರ ಆಗಬೇಕಿತ್ತು. ಎಲ್ಲಾರೂ ಕೂಡಿದ್ರ ಒಂದ ದಿನ ಅಗದು, ಭಾಷಣ ಕೇಳಿ ಮನಿಗೆ ಹೋಗ್ತಿದ್ವಿ. ಒಬ್ಬನ ಕೊರಳಿಗೆ ಬಿದ್ರ ಕೆಲಸ ಮುಗೀತೈತಿ."

ಮಹಮ್ಮದಸಾಬ ಛತ್ರಿಯನ್ನು ಹೊಳಿಯಪ್ಪನ ತಲೆಯ ಮೇಲೂ ಸರಿಸಿದ. ಆಮೇಲೆ ದನಿ ಇನ್ನೂ ಇಳಿಸಿ ಕೇಳಿದ: "ರೋಣದಾಗ ನಿನಗೊಬ್ಬಾಕಿ ತಂಗಿ ಅದಾಳಲ್ಲ, ಹ್ಯಾಂಗ ಅದಾಳ? ನಮ್ಮ ಹಿಂದಿನ ಓಣ್ಯಾಗೂ ನೀರು ನಿಂತ ಭಾಳ ತ್ರಾಸ ಆಗೇತಿ."

ಹೊಳಿಯಪ್ಪ ಮನೆಯ ಕಡೆ ತಿರುಗಿದ. ಹಿಂದಿನ ಓಣಿಯ ನಾಲ್ಕಾರು ಹೆಂಗಸರು ಮಳೆಯಲ್ಲಿ ಸೆರಗು ಹೊದ್ದುಕೊಂಡು, ಕಣ್ಣಲ್ಲಿ ಬಹಳ ಕಳವಳ ತುಂಬಿಕೊಂಡು, ಆತನ ತಂಗಿಯ ಆರೋಗ್ಯ ವಿಚಾರಿಸಲು ಆಗಲೇ ಬಾಗಿಲಲ್ಲಿ ಕಾಯುತ್ತಿದ್ದರು.