ಹೊಗೆ ಮೇಷ್ಟ್ರ ಎರಡು ನಿಯಮ

ಹೊಗೆ ಮೇಷ್ಟ್ರ ಮನೆಯಲ್ಲಿ ಇದ್ದದ್ದು ಒಂದೇ ಕಪ್. ಆವತ್ತಿನ ರಾದ್ಧಾಂತಕ್ಕೆಲ್ಲ ಅದೇ ಮೂಲ.

ಪ್ರಯೋಗಶಾಲೆಯ ಕೋಣೆಗಳಿಗೆ ಬೆಂಕಿ ಹಚ್ಚಿ, ಅದು ಹೇಗೆ ಹಬ್ಬುತ್ತದೆಂದು ನೋಡಿ, ನೋಡಿದ್ದನ್ನು ಅಗ್ನಿಶಾಮಕದವರಿಗೆ ಪಾಠ ಮಾಡುವುದು ಅವರ ಕೆಲಸ. ಹತ್ತು ವರ್ಷ ಹೊಗೆ ತಿಂದು ಎರಡು ನಿಯಮ ಮಾಡಿದ್ದರು. ಒಂದು: ನೀರು ಕೈಗೆ ಬರುವವರೆಗೆ ಬಾಗಿಲು ತೆರೆಯಬೇಡಿ, ಹೊರಡುವಾಗಲೂ ಎಳೆದುಕೊಂಡೇ ಬನ್ನಿ, ತೆರೆದಿಟ್ಟರೆ ಬೆಂಕಿಗೆ ಊಟ ಬಡಿಸಿದ ಹಾಗೆ. ಎರಡು: ಹೊಗೆ ಹಿಡಿದ ಬಟ್ಟೆಯಲ್ಲಿ ಎಲ್ಲೂ ಕೂರಬೇಡಿ, ಏನೂ ತಿನ್ನಬೇಡಿ, ಕುಡಿಯಬೇಡಿ, ಆ ಮಸಿ ವಿಷ, ನೇರ ಠಾಣೆಗೆ ಹೋಗಿ ಸ್ನಾನ ಮಾಡಿ.

ಪಾಠಕ್ಕೆ ಜನ ಬರುತ್ತಿದ್ದರು. ಮನೆಗೆ ಮಾತ್ರ ನಾಲ್ಕು ವರ್ಷದಿಂದ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಸಂಜೆ ಗೋಡೆ ನೋಡಿಕೊಂಡು ಚಹಾ ಕುಡಿಯುವುದು ಸಾಕಾಗಿ, ಸಂಕೋಚ ಬಿಟ್ಟು, ಅಗ್ನಿಶಾಮಕ ಠಾಣೆಯ ಐವರನ್ನೂ ಚಹಾಕ್ಕೆ ಕರೆದುಬಿಟ್ಟಿದ್ದರು. ಪಾಳಿ ಮುಗಿಸಿ ಐದಕ್ಕೆ ಬರುತ್ತೇವೆ ಎಂದು ಅವರೂ ಒಪ್ಪಿದ್ದರು.

ನಾಲ್ಕೂಕಾಲಿಗೆ ಹಾಲು ಒಲೆಯ ಮೇಲಿಟ್ಟು ಎದುರುಮನೆಗೆ ಓಡಿದರು.

"ಐದು ಕಪ್ಪಾ? ನಿಮ್ಮನೆಗೆ ಐದು ಜನಾನಾ?" ಎದುರುಮನೆಯಾಕೆ ಸೊಂಟಕ್ಕೆ ಕೈಯಿಟ್ಟರು. "ಹೆಣ್ಣಿನ ಕಡೆಯವರೇನ್ರಿ?"

"ಅಯ್ಯೋ, ಅಲ್ಲಮ್ಮ! ಕೆಲಸದವರು, ಸುಮ್ಮನೆ ಚಹಾಕ್ಕೆ."

"ನಮ್ಮ ಹತ್ರಾನೂ ಮುಚ್ಚಿಡ್ತೀರಲ್ಲ! ಹುಡುಗಿ ಏನು ಓದಿದಾಳೆ?"

ವಿಚಾರಣೆ ಮುಗಿದು ಐದು ಕಪ್ ಕೈಗೆ ಬರುವಷ್ಟರಲ್ಲಿ ಹಾಲು ಇಂಗಿ, ಸೀದು, ಒಲೆ ಪಕ್ಕದ ಮಸಿಬಟ್ಟೆ ಹೊತ್ತಿ ಉರಿಯುತ್ತಿತ್ತು. ಮೇಷ್ಟ್ರು ಕಪ್‌ಗಳನ್ನು ಹಜಾರದಲ್ಲಿಟ್ಟು, ಅಡುಗೆಮನೆಯ ಬಾಗಿಲೆಳೆದು ಹೊರಗೋಡಿದರು. ಎದುರುಮನೆಯಾಕೆ ಆಗಲೇ ಠಾಣೆಗೆ ಫೋನ್ ಮಾಡಿಯಾಗಿತ್ತು.

ಅತಿಥಿಗಳು ಹೇಳಿದ ಹೊತ್ತಿಗಿಂತ ಕಾಲು ಗಂಟೆ ಮೊದಲೇ ಬಂದರು, ಗಂಟೆ ಬಾರಿಸಿಕೊಂಡು.

ಆಹಾ, ಏನು ಶಿಸ್ತು! ಮೊದಲಿನ ಹಾಗೆ ಯಾರೂ ಒದ್ದು ನುಗ್ಗಲಿಲ್ಲ. ಪೈಪಿಗೆ ನೀರು ಬಂದ ಮೇಲೆ ಬಾಗಿಲು ಗೇಣಗಲ ತೆರೆದು, ಚಾವಣಿಗೆ ನೀರು ಚಿಮ್ಮಿಸಿ, ಮತ್ತೆ ಎಳೆದುಕೊಂಡರು. ಐದೇ ನಿಮಿಷ. ಒಬ್ಬರ ಕೂದಲೂ ಕೊಂಕಲಿಲ್ಲ, ಹಜಾರದ ಕುರ್ಚಿಗಳಿಗೆ ಮಸಿಯೂ ತಾಗಲಿಲ್ಲ. ಮೇಷ್ಟ್ರ ಕಣ್ಣು ತುಂಬಿತು. ಐವರೂ ತಮ್ಮ ಮನೆಯೊಳಗೇ ನಿಂತಿದ್ದಾರೆ!

"ಕೂತ್ಕೊಳ್ರಪ್ಪ! ಚಹಾ ಎದುರುಮನೇಲಿ ಮಾಡಿಸ್ತೀನಿ."

ಐವರೂ ಮುಖಮುಖ ನೋಡಿಕೊಂಡರು. "ಎರಡನೇ ನಿಯಮ, ಮೇಷ್ಟ್ರೇ," ಎಂದ ತಂಡದ ನಾಯಕ.

"ಒಂದೇ ಒಂದು ಗುಟುಕು..."

"ಪರೀಕ್ಷೆ ಮಾಡ್ತಿದೀರಾ? ನಾವು ಫೇಲಾಗಲ್ಲ ಬಿಡಿ!"

ನಗುತ್ತಾ ಇಳಿದು ಹೋದರು. ಮೇಷ್ಟ್ರು ಐದು ಖಾಲಿ ಕಪ್‌ಗಳ ಮುಂದೆ ಕೂತರು. ಅಷ್ಟು ಒಂಟಿತನ ಅವರಿಗೆ ಎಂದೂ ಆಗಿರಲಿಲ್ಲ.

ಆಗ ಮೆಟ್ಟಿಲ ಮೇಲೆ ದಡದಡ ಬೂಟಿನ ಸದ್ದು. ನಾಯಕ ಒಬ್ಬನೇ ಏದುಸಿರು ಬಿಡುತ್ತಾ ಹಿಂದಿರುಗಿದ್ದ. ಮೇಷ್ಟ್ರು ಕಪ್ ಹಿಡಿದು ಎದ್ದೇಬಿಟ್ಟರು.

"ಬಂದ್ಯೇನಪ್ಪಾ!"

"ತಪ್ಪಾಯ್ತು ಮೇಷ್ಟ್ರೇ, ಮೊದಲನೇ ನಿಯಮ ಮರೆತೇಬಿಟ್ಟಿದ್ದೆ," ಎಂದವನೇ ಬಾಗಿಲು ಎಳೆದುಕೊಂಡು ಹೋದ.